ದೇವರ ಮೀನುಗಳ ಗುಂಡಿಗೆ ನಾನು ಹಾರಿದ್ದು

ಅರವತ್ತರ ದಶಕದ ಒಂದು ಏಪ್ರಿಲಿನಲ್ಲಿ, ಬೊಂಬಾಯಿಯ ಹಡಗಿನಲ್ಲಿ ಕೆಲಸಕ್ಕಿದ್ದ ನನ್ನ ಹೆಂಡತಿಯ ತಮ್ಮ ನೀರೊಳಗೆ ನೋಡುವ ಗಾಜಿನ ಮುಖವಾಡ ಹಿಡಿದು ಪುತ್ತೂರಿಗೆ ಬಂದ.

"ಮುಳುಗಲಿಕ್ಕೆ ಒಳ್ಳೆ ತಣ್ಣೀರು ಎಲ್ಲಿ ಉಂಟು ಭಾವ?"

ಕಬಕದ ಕೆರೆ ಆಗ ಬಚ್ಚಲ ಹಂಡೆಯಷ್ಟು ಬಿಸಿ. ನಾನು ಕೊಲ್ಲಮೊಗ್ರಿನ ಹೊಳೆಗುಂಡಿಯನ್ನು ಆರಿಸಿದೆ. ಅಲ್ಲಿ ಮುಳುಗೆದ್ದ ಎಮ್ಮೆ ಮೂರು ದಿನ ಹಾಲಿನ ಬದಲು ಐಸ್‌ಕ್ಯಾಂಡಿಯನ್ನೇ ಕರೆದಿತ್ತು!

"ನೀನು ನೂರು ಎಣಿಸುವ ಮೊದಲು ನಾನು ಮೇಲೆ ಬಂದರೆ, ನಿನ್ನ ಅಕ್ಕನೆದುರು ಇನ್ನು ಈಜಿನ ಸುದ್ದಿ ಎತ್ತುದಿಲ್ಲ" ಎಂದೆ, ಗುಂಡಿಯ ದಡಕ್ಕೆ ಮುಟ್ಟಿದ ಕೂಡಲೇ.

ದಡದಲ್ಲಿದ್ದ ಗೌಡರೊಬ್ಬರು ಹಿಡಿ ಅಕ್ಕಿ ಕೊಟ್ಟು, "ಇವು ದೇವರ ಮೀನು. ಅಕ್ಕಿ ಹಾಕಿ ಇಳಿಯಿರಿ" ಎಂದರು. ಅವಸರದಲ್ಲಿ ನಾನು ಅದನ್ನು ಚಡ್ಡಿಯ ಜೇಬಿಗೆ ಸುರಿದು ಹಾರಿಯೇಬಿಟ್ಟೆ.

ಮೊಳದುದ್ದದ ಮೀನುಗಳು ಊಟಕ್ಕೆ ಎಲೆ ಹಾಕಿದ ಹಾಗೆ ಜೇಬಿಗೆ ಮುಗಿಬಿದ್ದವು. ಒಂದು ಕಚಗುಳಿ ಇಟ್ಟಿತು, ಇನ್ನೊಂದು ಲಾಡಿಯನ್ನೇ ಎಳೆಯಿತು. ನೀರೊಳಗೆ ನಗಬಾರದೆಂದು ಅಂದು ಗೊತ್ತಾಯಿತು. ಎಣಿಕೆ ಹದಿನೇಳಕ್ಕೆ ಮುಟ್ಟುವಾಗಲೇ ಮೇಲೆ ಬಂದೆ.

"ಅಕ್ಕಿ ದಡದಿಂದ ಹಾಕುದು ಮಾರಾಯ್ರೆ, ಚಡ್ಡಿಯಿಂದ ಅಲ್ಲ!" ಎಂದರು ಗೌಡರು. ಹೆಂಡತಿಯ ತಮ್ಮ ನಗು ತಡೆಯಲಾರದೆ ಬಂಡೆಯ ಮೇಲೆ ಉರುಳಾಡುತ್ತಿದ್ದ.

ಮಾತು ಮಾತೇ. ಹೆಂಡತಿಯೆದುರು ಈಜಿನ ಸುದ್ದಿ ಎತ್ತಲಿಲ್ಲ. ದೇವರ ಮೀನುಗಳಿಗೆ ಹೊಳೆಯ ತಳಕ್ಕೇ ಹೋಗಿ ಬಡಿಸಿ ಬಂದವ ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಎಂದಷ್ಟೇ ಹೇಳಿದೆ.