ಬೇವಿನ ಬುಡಕ್ಕೆ ಕಟ್ಟಿಸಿದ ಕಟ್ಟೆ

ಸುರಪುರ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ನಮ್ಮ ಓಣಿಯ ಬೇವಿನ ಮರಗಳಿಗೆಲ್ಲ ಕಲ್ಲುಗಾರೆಯ ಕಟ್ಟೆ ಬಂತು. ಕಟ್ಟಿಸಿದವರು ನಮ್ಮ ತಂದೆ, ಪುರಸಭೆಯ ಗುಮಾಸ್ತರು. ಹೊಸ ಸಾಹೇಬರು ಬರುವವರಿದ್ದರು. ಬಂದವರಿಗೆ ನೆರಳಲ್ಲಿ ಕೂರಲು ಜಾಗ ಬೇಕು ಎಂಬುದು ತಂದೆಯ ವಿಚಾರ. ಅದನ್ನು ಹೊಗಳಿ ಕಲಬುರ್ಗಿಯ ಪತ್ರಿಕೆಗೆ ಸುದ್ದಿ ಕಳಿಸಿದವನು ನಾನು.

ಅದಕ್ಕೆ ಮೊದಲು ಪ್ರತಿ ಮರದ ಸುತ್ತ ತಗ್ಗಾದ ಪಾತಿ ಇತ್ತು. ಗುಡ್ಡದಿಂದ ಇಳಿದ ಮಳೆನೀರು ಒಂದೊಂದರಲ್ಲೂ ನಿಂತು ಇಂಗುತ್ತಿತ್ತು. ಓಣಿಯ ಕೆಳತುದಿಗೆ ಕಂಬಳಿ ನೇಯುವ ಮುದುಕಿಯ ಮನೆ. ಮಗ್ಗ ನೆಲಕ್ಕೇ ಹೂಡಿದ್ದು. ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಪಾತಿಗಳಿಗೆ ಮಣ್ಣು ತುಂಬುವಾಗ ಆಕೆ ಬಂದು ತಂದೆಯನ್ನು ತಡೆದಳು.

“ಯಪ್ಪಾ, ಗಿಡದ ಬಾಯಿ ಮುಚ್ಚಾಕತ್ತೀರಿ. ನೀರು ಎಲ್ಲಿ ಹೋಗಬೇಕ್ರಿ?”

“ಗಟಾರ ಅದಲ್ಲ ಯವ್ವಾ.”

“ನಿಮ್ಮ ಗಟಾರ ನನ್ನ ಹೊಸ್ತಿಲ ಮುಂದ ಮುಗೀತದ್ರಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಮಾತನ್ನು ಸುದ್ದಿಯಲ್ಲಿ ಸೇರಿಸಲಿಲ್ಲ.

ಮೊದಲ ದೊಡ್ಡ ಮಳೆ ಒಂದು ಮಧ್ಯಾಹ್ನ ಬಂತು. ನಿಂತ ಮೇಲೆ ಹೋಗಿ ನೋಡಿದೆ. ಆಕೆಯ ಮನೆಯೊಳಗೆ ಮೊಣಕಾಲುದ್ದ ಕೆಂಪು ನೀರು. ಅದರ ಮೇಲೆ ಕುರಿಗಳು ಸತ್ತು ತೇಲುತ್ತಿವೆ ಎಂದುಕೊಂಡೆ. ಉಣ್ಣೆ ಅದು, ವರ್ಷಕ್ಕೆಂದು ಕೂಡಿಟ್ಟದ್ದು. ಮಗ್ಗದ ಕುಣಿ ಎಲ್ಲಿದೆ ಎಂಬುದೇ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ತಂದೆಯೇ ಹಾರೆ ಹಿಡಿದು ಆಕೆಯ ಮನೆ ಮುಂದಿನ ಕಟ್ಟೆಗೆ ಬಂದರು. ಅದರ ಮೇಲೆ ಯಾರೋ ಆಗಲೇ ಕುಂಕುಮ ಹಚ್ಚಿದ ಕಲ್ಲೊಂದನ್ನು ಇಟ್ಟು ಪೂಜೆ ಶುರುಮಾಡಿದ್ದರು. ಓಣಿಯವರು ಅಡ್ಡ ನಿಂತರು.

“ದೇವರು ಕುಂತಾನ. ಒಡೀಬ್ಯಾಡ್ರಿ.”

ಮುದುಕಿ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. “ನಾಕು ದಿನ ನನ್ನ ಮನ್ಯಾಗ ಇರ್ಲಿ. ಹಸಿ ನೆಲದ ಮ್ಯಾಲ ನಾ ಹೆಂಗ ಮಲಗ್ತೀನಿ, ಅವನೂ ನೋಡ್ಲಿ.”

ಅಡ್ಡ ನಿಂತವರು ಪಕ್ಕಕ್ಕೆ ಸರಿದರು. ತಂದೆ ಹಾರೆ ಹಾಕಿದರು. ಗಾರೆ ಒಡೆದು ಒಳಗಿನಿಂದ ಒಂದು ಹಿಡಿ ಮಣ್ಣು ತೆಗೆದರು. ಊರೆಲ್ಲ ಕೆಸರಾಗಿತ್ತು, ಬೇರಿನ ಪಕ್ಕದ ಆ ಮಣ್ಣು ಅವರ ಬೆರಳ ಸಂದಿಯಿಂದ ಒಣ ಹಿಟ್ಟಿನಂತೆ ಸುರಿಯಿತು. ಅವರು ಹಾರೆ ಎತ್ತಿಕೊಂಡು ಮುಂದಿನ ಮರದ ಕಟ್ಟೆಗೆ ನಡೆದರು.

ಸಂಜೆಯೊಳಗೆ ಎಲ್ಲ ಪಾತಿಗಳೂ ತೆರೆದವು. ಆ ವರ್ಷ ಆಕೆ ಕಂಬಳಿ ನೇಯಲಿಲ್ಲ.