ದಾಸವಾಳದ ಮುಚ್ಚಳಿಕೆ

ಸಂಜಯನಗರದ ರಾಧಾಮಣಿಯವರ ದಾಸವಾಳದ ಗಿಡದ ಮೇಲೆ ಹನ್ನೊಂದು ವರ್ಷಗಳಿಂದ ದಂಡಯಾತ್ರೆ ನಡೆಯುತ್ತಿತ್ತು. ದಂಡನಾಯಕ ಎದುರುಮನೆಯ ನಾಗಭೂಷಣ: ತಲೆಗೆ ಮಂಕಿ ಟೋಪಿ, ಎಡಗೈಯಲ್ಲಿ ಪ್ಲಾಸ್ಟಿಕ್ ಕವರು, ಬಲಗೈಯಲ್ಲಿ ತುದಿಗೆ ಕೊಕ್ಕೆ ಕಟ್ಟಿದ ಕೋಲು. ಬೆಳಗಿನ ವಾಕಿಂಗಿಗೆ ಹೊರಟವರು ಕಾಂಪೌಂಡಿನಾಚೆಯಿಂದಲೇ ಕೊಂಬೆ ಬಗ್ಗಿಸಿ, ಗಿಡವನ್ನು ಬೋಳಿಸಿಕೊಂಡು ಹೋಗುತ್ತಿದ್ದರು. ರಾಧಾಮಣಿ ಐದಕ್ಕೆ ಎದ್ದರೆ ಅವರು ನಾಲ್ಕೂವರೆಗೆ ಬಂದರು. ಗೋಡೆಯ ಮೇಲೆ ಗಾಜಿನ ಚೂರು ನೆಡಿಸಿದರೆ ಕೋಲು ಒಂದಡಿ ಬೆಳೆಯಿತು. ಒಮ್ಮೆ ಎದುರಿಗೇ ಸಿಕ್ಕಿಬಿದ್ದಾಗ, "ದೇವರಿಗೆ ಕಣಮ್ಮಾ! ನಿಮ್ಮ ಹೆಸರಲ್ಲೂ ಒಂದ್ ಹೂ ಏರಿಸ್ತೀನಿ ಬಿಡಿ" ಎಂದು ಹರಸಿಯೇ ಹೋದರು. ದೇವರ ಹೂವಿಗೆ ಕಳ್ಳತನವೆಂಬುದಿಲ್ಲ ಎಂದು ಇಡೀ ಬೀದಿಯ ತೀರ್ಪು. ಹೀಗಾಗಿ ಗಿಡ ನೆಟ್ಟು ನೀರೆರೆದವರ ಗಣಪತಿಗೆ ಅಂಗಡಿಯ ಬಾಡಿದ ಸೇವಂತಿಗೆಯೇ ಗತಿಯಾಯಿತು.

ಯಲಹಂಕದ ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ಟೈಪಿಸ್ಟ್ ಆಗಿದ್ದು, ಜನರ ತಂಟೆತಕರಾರನ್ನೆಲ್ಲ ಮೂರು ಪ್ರತಿಗಳಲ್ಲಿ ಕುಟ್ಟಿ ನಿವೃತ್ತರಾದ ಹೆಂಗಸು ರಾಧಾಮಣಿ. ಗಂಡನಿಲ್ಲ, ಬಿಪಿ ಇಲ್ಲ, ಮರೆವಂತೂ ಇಲ್ಲವೇ ಇಲ್ಲ. ಮಂಡಿನೋವು ಮಾತ್ರ ಉಂಟು.

ಕಳೆದ ತಿಂಗಳು ಬೀದಿಯ ಹಿರಿಯರೆಲ್ಲ ಟಿಟಿ ವ್ಯಾನು ಮಾಡಿಕೊಂಡು ಯಲಹಂಕದಾಚೆಯ ಹಳೆಯ ಅರಮನೆ ನೋಡಲು ಹೋದರು. ಯಾವನೋ ಪಾಳೇಗಾರ ಕೋಟೆಯ ಹಾಗೆ ಬುರುಜು ನಿಲ್ಲಿಸಿ ಕಟ್ಟಿಸಿದ್ದು. ಸುತ್ತ ಹತ್ತೆಕರೆ ಹೂದೋಟ. ಬಾಗಿಲಲ್ಲೇ ಬೋರ್ಡು: "ಹೂ ಕಿತ್ತವರು ಮುಚ್ಚಳಿಕೆ ಬರೆದುಕೊಡತಕ್ಕದ್ದು." ರಾಧಾಮಣಿ ಅದನ್ನು ಎರಡು ಸಲ ಓದಿದರು. ಎರಡನೆಯ ಸಲ ನಗುತ್ತಾ.

ಆಮೇಲೆ ಸಿಂಹಾಸನವೂ ಕತ್ತಿಗಳೂ ಅವರ ಕಣ್ಣಿಗೆ ಬೀಳಲಿಲ್ಲ. ತೋಟದ ಮೂಲೆಯಲ್ಲಿ ಅಂಗೈಯಗಲದ ಕೆಂಪು ದಾಸವಾಳ ಕಂಡಿತು. ನಾಗಭೂಷಣರ ಕಿವಿಗೆ ಬೀಳುವ ಹಾಗೆ ಪಕ್ಕದ ಮನೆಯ ನಯನಾಗೆ ಹೇಳಿದರು: "ನೋಡೇ, ನಾಳೆ ಸಂಕಷ್ಟಿ. ಇಂಥಾ ಹೂ ಏರಿಸಿದ್ರೆ ಗಣಪತಿ ಎದ್ದು ಕೂರ್ತಾನೆ. ಗಾರ್ಡೂ ಕಾಣ್ತಿಲ್ಲ. ನಮ್ಗ್ಯಾಕಮ್ಮಾ, ಬಾ."

ಗಾರ್ಡ್ ವೀರಬಸಪ್ಪ ಬುರುಜಿನ ನೆತ್ತಿಯಲ್ಲಿದ್ದ. ಅದನ್ನು ರಾಧಾಮಣಿ ಆಗಲೇ ನೋಡಿಟ್ಟುಕೊಂಡಿದ್ದರು. ಎಪ್ಪತ್ತೆರಡು ಮೆಟ್ಟಿಲು. ಹತ್ತನೆಯದರಲ್ಲೇ ಮಂಡಿ ಸಂಧಾನಕ್ಕೆ ಬಂತು, ರಾಧಾಮಣಿ ಒಪ್ಪಲಿಲ್ಲ. ಒಂದೊಂದು ಮೆಟ್ಟಿಲಿಗೂ ಒಂದೊಂದು ಬೋಳು ಕೊಂಬೆಯನ್ನು ನೆನೆಯುತ್ತ, ಕೋಟೆಗೆ ಲಗ್ಗೆಯಿಟ್ಟ ವೀರವನಿತೆಯಂತೆ ಏದುಸಿರು ಬಿಡುತ್ತ ಮೇಲೆ ಮುಟ್ಟಿದರು.

"ಅಲ್ನೋಡಪ್ಪಾ, ಛತ್ರಿ ಹಿಡ್ಕೊಂಡಿರೋರು."

ಕೆಳಗೆ ನಾಗಭೂಷಣ ಛತ್ರಿಯ ಹಿಡಿಯಿಂದ ಕೊಂಬೆ ಬಗ್ಗಿಸುತ್ತಿದ್ದರು. ವೀರಬಸಪ್ಪನ ಸೀಟಿ ರಣಕಹಳೆಯಂತೆ ಮೊಳಗಿತು. ಟಿಟಿಯಲ್ಲಿ ಬಂದವರೆಲ್ಲ ತಿರುಗಿ ನೋಡಿದರು.

"ಅಜ್ಜಾರ, ಕವರಿನ್ಯಾಗ ಏನೈತ್ರಿ?" ಕೆಳಗಿಳಿದ ವೀರಬಸಪ್ಪ ಕೇಳಿದ.

"ದೇವರಿಗೆ ಕಣಪ್ಪಾ..."

"ದೇವ್ರಿಗೇನ್ರಿ, ಗಿಡದಾಗ ಇದ್ರೂ ಕಾಣ್ತಾವು. ಬರ್ರಿ ಆಫೀಸಿಗೆ, ಬರ್ದು ಕೊಡ್ರಿ."

ಆಫೀಸಿನಲ್ಲಿ ನಾಗಭೂಷಣ ಕನ್ನಡಕ ತಂದಿಲ್ಲವೆಂದರು. ಅಷ್ಟರಲ್ಲಿ ಕುಂಟುತ್ತ ಬಂದ ರಾಧಾಮಣಿ ಕರುಣಾಮಯಿಯಾಗಿ ಕೈ ಚಾಚಿದರು: "ಕೊಡಿ ಸಾರ್, ನಾನು ಬರೀತೀನಿ."

"ನಿಮ್ಗೆ ಪುಣ್ಯ ಬರುತ್ತೆ ಕಣಮ್ಮಾ!"

ಎರಡು ಪ್ರತಿ ಬರೆದು, ಎಲ್ಲರಿಗೂ ಕೇಳುವಂತೆ ಓದಿದರು: "ಸಂಜಯನಗರದ ವಾಸಿ ನಾಗಭೂಷಣ ಆದ ನಾನು, ಸದರಿ ಅರಮನೆಯ ತೋಟದಲ್ಲಾಗಲಿ, ನಮ್ಮ ಬೀದಿಯ ಯಾವುದೇ ಮನೆಯ ಕಾಂಪೌಂಡಿನಲ್ಲಾಗಲಿ, ಕೈಯಿಂದಾಗಲಿ, ಛತ್ರಿಯಿಂದಾಗಲಿ, ಕೊಕ್ಕೆಯ ಕೋಲಿನಿಂದಾಗಲಿ, ದೇವರ ಹೆಸರಿನಲ್ಲಾಗಲಿ ದೆವ್ವದ ಹೆಸರಿನಲ್ಲಾಗಲಿ, ಇನ್ನು ಮುಂದೆ ಹೂ ಕೀಳುವುದಿಲ್ಲ..."

"ನಮ್ಮ ಬೀದಿ ಯಾಕಮ್ಮಾ ಬಂತು ಇದ್ರಲ್ಲಿ?"

"ನಿಮ್ಮನ್ನ ಕಳ್ಳ ಅಂದ್ಕೋಬಾರ್ದಲ್ಲ ಸಾರ್, ಅದಕ್ಕೆ. ಬೇಡ ಅಂದ್ರೆ ಹೊಡೆದುಹಾಕ್ಲಾ?"

ಹೊಡೆದುಹಾಕಿ ಎಂದರೆ ಕಳ್ಳ, ಇರಲಿ ಎಂದರೆ ಹೂವಿಲ್ಲ. ಬೀದಿಗೆ ಬೀದಿಯೇ ಸುತ್ತ ನಿಂತು ನೋಡುತ್ತಿತ್ತು. ನಾಗಭೂಷಣ ಸಹಿ ಹಾಕಿದರು. ನಯನಾ ಸೆರಗು ಬಾಯಿಗೊತ್ತಿಕೊಂಡು ಸಾಕ್ಷಿ ಹಾಕಿದಳು. ಒಂದು ಪ್ರತಿ ಅರಮನೆಗೆ, ಒಂದು ರಾಧಾಮಣಿಯವರ ವ್ಯಾನಿಟಿ ಬ್ಯಾಗಿಗೆ.

ಮರುದಿನ ಬೆಳಗ್ಗೆ ಗಿಡದ ತುಂಬ ಹೂವು. ರಾಧಾಮಣಿ ಬುಟ್ಟಿ ಹಿಡಿದು ಇಳಿದು, ಮೊದಲ ಹೂವಿಗೆ ಕೈ ಹಾಕಿದರು. ಆಗ ಎದುರುಮನೆಯ ಗೇಟು ಕಿರುಗುಟ್ಟಿತು. ನಾಗಭೂಷಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಗಿಡವನ್ನೇ ನೋಡುತ್ತ, ಹೆಜ್ಜೆ ನಿಧಾನ ಮಾಡುತ್ತ ದಾಟಿ ಹೋದರು.

ರಾಧಾಮಣಿ ಯೋಚಿಸಿದರು. ಈಗ ಕಿತ್ತುಬಿಟ್ಟರೆ, ವಾಪಸು ಬರುವಾಗ ಅವರು ನೋಡಿ ಸಂಕಟಪಡಲು ಏನಿರುತ್ತದೆ?

ಬುಟ್ಟಿ ಬದಿಗಿಟ್ಟು, ಕಾಫಿ ತಂದು, ಮೆಟ್ಟಿಲ ಮೇಲೆ ಕೂತರು. ಒಳಗೆ ಸಂಕಷ್ಟಿಯ ಗಣಪತಿ, ಹನ್ನೊಂದು ವರ್ಷ ಕಾದವನು, ಇನ್ನೂ ಒಂದು ದಿನ ಬರೀ ಗರಿಕೆಯಲ್ಲೇ ಕಾದ.