ಪಾಷಾ ಸಾಬರ ಸೀರಿಯಲ್ ಕಾಯಿದೆ

ಒಂದು ಅತ್ತೆ-ಸೊಸೆ ಸೀರಿಯಲ್ ನೋಡದವರಿಗೆ ಅದರ ಹಿಂದಿನ ಕಥೆಯ ಸಿನಿಮಾ ಕೊಡುವುದಿಲ್ಲವೆಂದು ಮರ್ಫಿ ಟೌನಿನ ಸಿ.ಡಿ. ಅಂಗಡಿಯ ಅಹ್ಮದ್ ಪಾಷಾ ಹಟ ಹಿಡಿದಿದ್ದಾರೆಂದು ಪಕ್ಕದ ಮನೆಯಾಕೆ ಬೈದ ದಿನವೇ ಪ್ರೇಮಕ್ಕ ಅವರ ಹೆಸರು ಕೇಳಿದ್ದು. ಸೀರಿಯಲ್ಲಿನ ಅತ್ತೆಯ ಎಳೆವಯಸ್ಸಿನ ಕಥೆ ಆ ಸಿನಿಮಾದಲ್ಲಿತ್ತು. ನೋಡಲೇಬೇಕೆಂದು ಮರುದಿನ ತಾವೇ ಹೋದರು.

“ಹಿಂದಿನ ಕಥೆ ಮೊದ್ಲು ನೋಡ್ಬೇಕಲ್ವಾ ಸಾಬ್ರೇ?”

“ನಿಮ್ಮತ್ತೆ ಹಿಂದಿನ ಕಥೆ ಮೊದ್ಲೇ ಗೊತ್ತಾಗಿದ್ರೆ ಆ ಮನೆಗೆ ಸೊಸೆಯಾಗಿ ಹೋಗ್ತಿದ್ರಾ ಅಮ್ಮಾ? ಮೊದ್ಲು ಸೀರಿಯಲ್ ಮುಗಿಸ್ಕೊಂಡ್ ಬನ್ನಿ.”

ಪ್ರೇಮಕ್ಕ ನೂರ ನಲವತ್ತು ಕಂತುಗಳನ್ನೂ ಬಾಡಿಗೆಗೆ ತಂದು, ಅನ್ನ ಸೀದರೂ ಏಳದೆ ನೋಡಿ, ಆರು ತಿಂಗಳ ಮೇಲೆ ಪರೀಕ್ಷೆ ಪಾಸಾದವರಂತೆ ಬಂದರು. ಪಾಷಾ ಅಂಗಡಿ ಖಾಲಿ ಮಾಡಿ ಹೊರಮಾವು ಬಡಾವಣೆಗೆ ಹೊರಟಿದ್ದರು. ಸಿನಿಮಾವನ್ನು ಪುಕ್ಕಟೆಯಾಗಿ ಕೈಗಿಟ್ಟು, ಗಡ್ಡ ಕೆರೆದುಕೊಂಡು ಮೆಲ್ಲಗೆ ಕೇಳಿದರು:

“ನಾನು ಸಿನಿಮಾ ಒಂದೇ ನೋಡಿರೋದಮ್ಮಾ. ಸೀರಿಯಲ್ಲಲ್ಲಿ ಆ ಅತ್ತೆ ಕೊನೆಗೆ ಏನಾದ್ಲು?”